ಯಾತ್ರೆ ನಿಂತ ಎರಡು ವರ್ಷ: ಬೀದರ ಸೀಮೆಯ ಸಂಚಾರ ಜೀವನ ಮತ್ತು ಮಹಾಮಾರಿ

‘ಜಾತ್ರೆ’ ಎಂಬ ಪದವು ಸಂಸ್ಕೃತದ ‘ಯಾತ್ರಾ’ ಶಬ್ದದ ತದ್ಭವವೆಂಬುದು ಸದ್ಭಕ್ತರಾದ ತಮಗೆ ತಿಳಿಯದ ಸಂಗತಿಯೇನಲ್ಲ. ಹೋಗುವ ಕ್ರಿಯೆಗೆ ಯಾತ್ರೆಯೆಂದೂ, ಹಾಗೆ ಹೋದವರೆಲ್ಲ ಒಂದೆಡೆ ನೆರೆಯುವುದಕ್ಕೆ ಜಾತ್ರೆಯೆಂದೂ ನಮ್ಮ ಹಿರಿಯರು ಕರೆದರು. ಯಾತ್ರೆಯಿಲ್ಲದೆ ಜಾತ್ರೆಯಿಲ್ಲವೆಂಬುದನ್ನು ಬೇರೆ ಪ್ರಮಾಣಗಳಿಂದ ಸಾಧಿಸಬೇಕಾಗಿಲ್ಲ. ಭಾಷೆಯೇ ಅದನ್ನು ಸಾಧಿಸಿಟ್ಟಿದೆ. ಈಚೆಗೆ ಬಳಕೆಗೆ ಬಂದಿರುವ ‘ಪ್ರವಾಸೋದ್ಯಮ’ ಎಂಬ ಪದವಾದರೋ ಬೇರೆಯೇ ಅರ್ಥಚ್ಛಾಯೆಯುಳ್ಳದ್ದು. ವಿಮಾನ, ರೈಲು, ವಸತಿಗೃಹ, ಮಾರ್ಗದರ್ಶಿ, ಪ್ರವೇಶ ಶುಲ್ಕ ಇವೆಲ್ಲ ಸೇರಿ ನಡೆಯುವ ವ್ಯವಹಾರವನ್ನು ಅದು ಸೂಚಿಸುತ್ತದೆ. 2020 ಮತ್ತು 2021ನೆಯ ವರ್ಷಗಳಲ್ಲಿ ಕೊರೋನಾ ಮಹಾಮಾರಿಯು ನಮ್ಮ ದೇಶದ ಸಂಚಾರ ಜೀವನವನ್ನು ಹೇಗೆ ಕದಡಿತೆಂಬುದನ್ನು ವಿಚಾರಿಸಹೊರಟವರು ಸಾಮಾನ್ಯವಾಗಿ ಈ ಎರಡನೆಯ ಪದವನ್ನೇ ಹಿಡಿದು ಹೊರಡುತ್ತಾರೆ. ನಾವು ಮೊದಲನೆಯದನ್ನು ಹಿಡಿದು, ಬೀದರ ನಗರ, ಭಾಲ್ಕಿ, ಔರಾದಗಳ ಸೀಮೆಯನ್ನು ಮುಂದಿಟ್ಟುಕೊಂಡು ಅದೇ ವಿಷಯವನ್ನು ನೋಡಬಯಸುತ್ತೇವೆ.

ಮೊದಲು ದೇಶದ ಲೆಕ್ಕವನ್ನು ನೋಡೋಣ. 2019ರಲ್ಲಿ ಭಾರತಕ್ಕೆ ಬಂದ ವಿದೇಶೀ ಪ್ರವಾಸಿಗರು ಸುಮಾರು 1 ಕೋಟಿ 9 ಲಕ್ಷ ಮಂದಿ. 2020ರಲ್ಲಿ ಆ ಸಂಖ್ಯೆ 27 ಲಕ್ಷಕ್ಕೂ, ಮರುವರ್ಷ 15 ಲಕ್ಷಕ್ಕೂ ಇಳಿಯಿತು. ದೇಶದೊಳಗೆ ನಮ್ಮ ಜನರೇ ಕೈಕೊಂಡ ಪ್ರವಾಸಗಳನ್ನು 2019ರಲ್ಲಿ 232 ಕೋಟಿಯೆಂದು ಎಣಿಸಿದ್ದ ಸರ್ಕಾರವು 2020ರಲ್ಲಿ 61 ಕೋಟಿಯನ್ನು ಮಾತ್ರ ಎಣಿಸಿತು. ಪ್ರವಾಸಿಗರಿಂದ ಬರುವ ವಿದೇಶೀ ವಿನಿಮಯವು 2 ಲಕ್ಷ 11 ಸಾವಿರ ಕೋಟಿ ರೂಪಾಯಿಗಳಿಂದ 50 ಸಾವಿರ ಕೋಟಿಗೆ ಕುಸಿಯಿತು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಈ ಕ್ಷೇತ್ರದ 1 ಕೋಟಿ 45 ಲಕ್ಷ ಉದ್ಯೋಗಗಳು ನಷ್ಟವಾದುವೆಂದು ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಪರಿಷತ್ತು ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕಾಗಿ ನಡೆಸಿದ ಅಧ್ಯಯನದಲ್ಲಿ ಅಂದಾಜು ಮಾಡಿತು. ಜಗತ್ತಿನ ಒಟ್ಟು ಲೆಕ್ಕವೂ ಹೀಗೆಯೇ ಇತ್ತು. ದೇಶದಿಂದ ದೇಶಕ್ಕೆ ಹೋಗುವವರ ಸಂಖ್ಯೆ 2019ರ 146 ಕೋಟಿಯಿಂದ ಒಂದೇ ವರ್ಷದಲ್ಲಿ ಸುಮಾರು 40 ಕೋಟಿಗೆ ಇಳಿದಿತ್ತು.

ಈ ಅಂಕಿಗಳು ಸುಳ್ಳಲ್ಲ, ಆದರೆ ಅಪೂರ್ಣವಾದವು. ಬಹುಮಟ್ಟಿಗೆ ವಸತಿಗೃಹದ ದಾಖಲೆ ಪುಸ್ತಕ, ವಿಮಾನ ನಿಲ್ದಾಣದ ಮುದ್ರೆ, ಟಿಕೇಟಿನ ಕಿಟಕಿ ಇವೇ ಇಂತಹ ಎಣಿಕೆಗೆ ಆಧಾರ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿಗೆ ಟಂಟಂನಲ್ಲಿ ಬಂದು, ಕಟ್ಟಿ ತಂದ ಬುತ್ತಿಯನ್ನು ಮರದ ನೆರಳಿನಲ್ಲಿ ಉಂಡು, ಭಂಡಾರ ಹಚ್ಚಿಕೊಂಡು, ಮಗಳಿಗೆ ಬಳೆಯನ್ನೂ ಮೊಮ್ಮಗನಿಗೆ ಪೀಪಿಯನ್ನೂ ಕೊಂಡು, ಬೆಂಡು ಬತ್ತಾಸಿನ ಪೊಟ್ಟಣದೊಂದಿಗೆ ಸಂಜೆಗೆ ಊರಿಗೆ ಮರಳುವ ಒಕ್ಕಲು ಮನೆಯ ತಾಯಿಯು ಯಾವ ಪುಸ್ತಕದಲ್ಲಿ ಪ್ರವಾಸಿಯೆಂದು ದಾಖಲಾಗುತ್ತಾಳೆ? ಆಕೆ ದಾಖಲಾಗದಿದ್ದರೆ, ಆಕೆಗೆ ಬಳೆ ಮಾರುವವನ ನಷ್ಟವೂ ದಾಖಲಾಗುವುದಿಲ್ಲ. ನಮ್ಮ ಸೀಮೆಯಲ್ಲಿ ಮಹಾಮಾರಿಯು ಮಾಡಿದ ಹಾನಿಯ ದೊಡ್ಡ ಭಾಗವು ಹೀಗೆ ಲೆಕ್ಕದ ಹೊರಗೇ ಉಳಿದಿದೆಯೆಂಬುದು ನಮ್ಮ ಅಭಿಪ್ರಾಯ. ಅದನ್ನು ತಿಳಿಯಲು ಈ ನೆಲದ ಸಂಚಾರದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡುವುದು ಅವಶ್ಯ.

ಬೀದರವು ದಾರಿಗಳ ಮೇಲೆ ಬೆಳೆದ ಊರು. ಬಹಮನಿ ಸುಲ್ತಾನ ಅಹಮದ್ ಶಾಹನು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಪಾರಸಿಕ, ಅರಬ, ತುರುಕ ದೇಶಗಳ ವರ್ತಕರೂ ವಿದ್ವಾಂಸರೂ ಇಲ್ಲಿಗೆ ಬಂದು ನೆಲೆಸಿದರು. 1472ರಲ್ಲಿ ಪೂರ್ಣಗೊಂಡ ಮದರಸವನ್ನು ಕಟ್ಟಿಸಿದ ಮಂತ್ರಿ ಮಹಮೂದ್ ಗಾವಾನನು ತಾನೇ ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದವನು. ಅದೇ ಕಾಲದಲ್ಲಿ ರಷ್ಯಾದ ಅಫನಾಸಿ ನಿಕಿತಿನ್ ಎಂಬ ವರ್ತಕನು ಚೌಲ ಬಂದರಿನಲ್ಲಿಳಿದು, ಜುನ್ನರದ ಮಾರ್ಗವಾಗಿ ಬೀದರಿಗೆ ಬಂದು, ತಾನು ಸಮುದ್ರ ದಾಟಿಸಿ ತಂದಿದ್ದ ಕುದುರೆಯನ್ನು ಇಲ್ಲಿ ಮಾರಿದನು. ಆತನು ಬರೆದಿಟ್ಟ ಪ್ರವಾಸ ಕಥನದಲ್ಲಿ ನಮಗೆ ವಿಶೇಷವಾಗಿ ಬೇಕಾದ ಒಂದು ಸಂಗತಿಯಿದೆ. ಬೀದರದಲ್ಲಿ ಪರಿಚಿತರಾದ ಹಿಂದೂಗಳೊಡನೆ ಆತನು ಶಿವರಾತ್ರಿಯ ಸಮಯದಲ್ಲಿ ‘ಪರ್ವತ’ವೆಂಬ ಕ್ಷೇತ್ರಕ್ಕೆ ಹೋಗಿಬಂದನು. ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸಿದ್ದಾರೆ. ಐನೂರೈವತ್ತು ವರ್ಷಗಳ ಹಿಂದೆ ಪರದೇಶದ, ಪರಮತದ ಒಬ್ಬ ಮನುಷ್ಯನು ನಮ್ಮವರ ಜೊತೆಯಲ್ಲಿ ಮಲ್ಲಿಕಾರ್ಜುನನ ಸನ್ನಿಧಿಗೆ ಹೋಗಿದ್ದನೆಂದರೆ ಆ ದಾರಿ ಆಗಲೇ ಎಷ್ಟು ಹಳೆಯದಾಗಿತ್ತೆಂಬುದನ್ನು ತಾವೇ ಊಹಿಸಬಹುದು.

ಸಿಖ್ಖರ ಪರಂಪರೆಯಂತೆ ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಬೀದರಿಗೆ ಬಂದು, ಇಂದು ನಾನಕ ಝೀರಾ ಎನಿಸಿಕೊಂಡಿರುವ ಸಿಹಿನೀರಿನ ಬುಗ್ಗೆಯನ್ನು ಅನುಗ್ರಹಿಸಿದರು. ನಾಂದೇಡದ ಹುಜೂರ್ ಸಾಹಿಬಕ್ಕೆ ಬರುವ ಪಂಜಾಬಿನ ಯಾತ್ರಿಕರಲ್ಲಿ ಅನೇಕರು ಇಲ್ಲಿಗೂ ಬರುತ್ತಾರೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯಲು ತೆಲಂಗಾಣದಿಂದಲೂ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಇವೆಲ್ಲಕ್ಕಿಂತ ವಿಲಕ್ಷಣವಾದದ್ದು ಅಷ್ಟೂರಿನ ಉರುಸು. ಅಹಮದ್ ಶಾಹನ ಸಮಾಧಿಯಲ್ಲಿ ನಡೆಯುವ ಈ ಉತ್ಸವವು ಹಿಂದೂ ಪಂಚಾಂಗವನ್ನು ಅನುಸರಿಸಿ ಹೋಳಿಯ ಅನಂತರದ ದಿನಗಳಲ್ಲಿ ಬರುತ್ತದೆ. ಆಳಂದ ತಾಲ್ಲೂಕಿನ ಮಾಡ್ಯಾಳದ ಜಂಗಮರು ತಮ್ಮ ಪರಿವಾರದೊಂದಿಗೆ ಬಂದು, ಶಂಖನಾದದೊಡನೆ ಸಮಾಧಿಗೆ ಹೂವು ಏರಿಸಿದಾಗಲೇ ಅದಕ್ಕೆ ಪೂರ್ಣತೆ. ಸುಲ್ತಾನನನ್ನು ಅಲ್ಲಮಪ್ರಭುವಿನ ಅಂಶವೆಂದು ಭಾವಿಸುವ ಶ್ರದ್ಧೆಯೂ ಇಲ್ಲಿ ಉಂಟು. ಪುರಾತತ್ತ್ವಜ್ಞ ಗುಲಾಂ ಯಜದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ ಕುರಿತ ಗ್ರಂಥದಲ್ಲಿ ಈ ಆಚರಣೆಯನ್ನು ದಾಖಲಿಸಿದ್ದಾರೆ.

ಮಹಾಮಾರಿಗಳೂ ಈ ದಾರಿಗಳಲ್ಲಿಯೇ ಬಂದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲರಾ ಜಾಡ್ಯವು ಯಾತ್ರಿಕರ ಜೊತೆಯಲ್ಲಿ ಊರಿಂದೂರಿಗೆ ನಡೆಯಿತು. 1867ರ ಹರಿದ್ವಾರದ ಕುಂಭಮೇಳದಿಂದ ಮರಳಿದವರು ಪಂಜಾಬಿನವರೆಗೂ ಅದನ್ನು ಒಯ್ದರೆಂಬುದು ಪ್ರಸಿದ್ಧ. ಬ್ರಿಟಿಷ್ ಅಧಿಕಾರಿಗಳು ಆಗ ಯಾತ್ರೆಯನ್ನೇ ರೋಗದ ಮೂಲವೆಂದು ಭಾವಿಸತೊಡಗಿದರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ, ಮರುವರ್ಷ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಕೆಲವೇ ಕಲಮುಗಳ ಈ ಕಾಯಿದೆಯು ರೈಲು ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ಪ್ರತ್ಯೇಕಿಸಿಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ಅದೇ ವರ್ಷ ಮುಂಬಯಿಯಿಂದ ಹೊರಡುವ ಹಜ್ ಯಾತ್ರೆಯನ್ನೂ ತಡೆಯಲಾಯಿತು. ನೂರಿಪ್ಪತ್ತಮೂರು ವರ್ಷಗಳ ತರುವಾಯ, 2020ರ ಮಾರ್ಚಿಯಲ್ಲಿ, ಕೇಂದ್ರವು ರಾಜ್ಯಗಳಿಗೆ ಬಳಸಲು ಸೂಚಿಸಿದ್ದೂ ಇದೇ ಕಾಯಿದೆಯನ್ನು!

ಬೀದರವು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತಾದುದರಿಂದ ಬ್ರಿಟಿಷರ ಕಾಯಿದೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ; ಆದರೆ ರೋಗಕ್ಕೆ ಸಂಸ್ಥಾನದ ಗಡಿ ಅಡ್ಡವಾಗಲಿಲ್ಲ. ಇಲಿ ಬಿದ್ದೊಡನೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 1918ರಲ್ಲಿ ಬಂದ ಇನ್‌ಫ್ಲುಯೆಂಜಾ ಇನ್ನೂ ಕ್ರೂರವಾಗಿತ್ತು. ಮುಂಬಯಿ ಬಂದರಿನಲ್ಲಿ ಇಳಿದ ಆ ರೋಗ ರೈಲಿನ ಹಾದಿಯಲ್ಲಿ ದೇಶವೆಲ್ಲ ಹರಡಿತು. ಬೀದರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಆದರೂ ಹೈದರಾಬಾದ ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದುದು 1921ರಲ್ಲಿ 1 ಕೋಟಿ 25 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹುಟ್ಟಿದವರೆಲ್ಲರನ್ನೂ ಕೂಡಿಸಿದ ಮೇಲೂ ಒಂಬತ್ತು ಲಕ್ಷ ಜನ ಕಡಿಮೆ! ಕಮಲನಗರದಲ್ಲಿ 1890ರಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪೀಠವನ್ನಲಂಕರಿಸಿ, 1999ರಲ್ಲಿ ಲಿಂಗೈಕ್ಯರಾದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಈ ಎಲ್ಲ ಕಾಲವನ್ನೂ ಕಂಡವರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠವೆಂಬಂತೆ ಅವರು ಶಾಲೆ ನಡೆಸಿದ ಕಥೆಯನ್ನು ಈ ಸೀಮೆಯವರು ಮರೆತಿಲ್ಲ; ಆದರೆ ಅವರ ಯೌವನ ಕಾಲದ ಪ್ಲೇಗು, ಇನ್‌ಫ್ಲುಯೆಂಜಾಗಳ ನೆನಪು ಅಷ್ಟಾಗಿ ಉಳಿದಿಲ್ಲ. ರೋಗವು ಹೋದೊಡನೆ ಅದರ ಕಥೆಯೂ ಹೋಗಿಬಿಡುತ್ತದೆ. ಈ ಲೇಖನಕ್ಕೆ ಕೈಯಿಕ್ಕಲು ಅದೂ ಒಂದು ಕಾರಣ.

ಈಗ 2020ಕ್ಕೆ ಬರೋಣ. ಆ ವರ್ಷ ಫೆಬ್ರುವರಿ 7ರಂದು ಬೀದರದ ವಿಮಾನ ನಿಲ್ದಾಣವು ನಾಗರಿಕ ಸಂಚಾರಕ್ಕೆ ತೆರೆಯಿತು. ಬೆಂಗಳೂರಿನಿಂದ ಒಂದೂವರೆ ತಾಸಿನ ಆಸುಪಾಸಿನಲ್ಲಿ ಬೀದರ ತಲುಪಬಹುದೆಂಬುದು ಆಗ ದೊಡ್ಡ ಸುದ್ದಿಯಾಗಿತ್ತು. ಕೋಟೆಗೂ ಬಸವಕಲ್ಯಾಣಕ್ಕೂ ಇನ್ನು ಮೇಲೆ ದೂರದ ಜನ ಬರುವರೆಂಬ ನಿರೀಕ್ಷೆ ಎಲ್ಲೆಡೆ ಕೇಳಿಬರುತ್ತಿತ್ತು. ಮಾರ್ಚ್ 10ರಂದು ನೆರೆಯ ಕಲಬುರಗಿಯ ಒಬ್ಬ ವೃದ್ಧರು ತೀರಿಕೊಂಡರು. ಸೌದಿ ಅರೇಬಿಯದಿಂದ ಮರಳಿದ್ದ ಅವರ ಮರಣವೇ ಭಾರತದಲ್ಲಿ ಕೊರೋನಾದ ಮೊದಲ ಸಾವೆಂದು ಎರಡು ದಿನಗಳ ತರುವಾಯ ಖಚಿತವಾಯಿತು. ಮಾರ್ಚ್ 17ರಿಂದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳೆಲ್ಲ ಮುಚ್ಚಿದವು. ಬೀದರದ ಕೋಟೆ, ಗಾವಾನನ ಮದರಸ ಅವುಗಳಲ್ಲಿ ಸೇರಿದ್ದವು. 22ರ ರಾತ್ರಿಯಿಂದ ಪ್ರಯಾಣಿಕರ ರೈಲುಗಳು ನಿಂತವು. 1853ರಲ್ಲಿ ಈ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದಂದಿನಿಂದ ಹೀಗೆ ದೇಶವ್ಯಾಪಿಯಾಗಿ ಅದು ನಿಂತದ್ದಿಲ್ಲ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ದಿಗ್ಬಂಧನಕ್ಕೊಳಗಾಯಿತು. ಹೊಸ ವಿಮಾನವೂ ತಿಂಗಳೊಪ್ಪತ್ತಿನಲ್ಲಿ ನೆಲ ಹಿಡಿಯಿತು.

ಮಾರ್ಚ್ 25 ಯಾವ ದಿನವೆಂಬುದನ್ನು ಪಂಚಾಂಗ ನೋಡುವ ತಾವು ಮರೆತಿರಲಾರಿರಿ. ಅಂದು ಯುಗಾದಿ. ಶ್ರೀಶೈಲಕ್ಕೆ ಕನ್ನಡ ನಾಡಿನ ಭಕ್ತರು ಕಾಲ್ನಡಿಗೆಯಲ್ಲಿ ಹೋಗುವುದು ಈ ಹಬ್ಬಕ್ಕಾಗಿಯೇ. ನಿಕಿತಿನ್ನನು ತುಳಿದ ದಾರಿ, ಮೊಗಲರ ಕಾಲದಲ್ಲೂ ನಿಜಾಮರ ಕಾಲದಲ್ಲೂ ನಡೆದ ದಾರಿ, ಆ ಯುಗಾದಿಯ ದಿನ ಬರಿದಾಗಿತ್ತು. ಅದರ ಬೆನ್ನಿಗೇ ಅಷ್ಟೂರಿನ ಉರುಸಿನ ಕಾಲ. ಜಂಗಮರು ಹೊರಟು ಬರುವ ಹಾದಿಯಲ್ಲಿ ಜಿಲ್ಲೆಯ ಗಡಿಗಳೇ ಮುಚ್ಚಿದ್ದವು. ಏಪ್ರಿಲ್ 26ರಂದು ಬಸವ ಜಯಂತಿ. ಆಗಲೂ ದಿಗ್ಬಂಧನ ಇದ್ದಿತು. ಜುಲೈ 1ರಂದು ಆಷಾಢ ಏಕಾದಶಿ. ಭಾಲ್ಕಿ, ಔರಾದಗಳ ಎಷ್ಟೋ ಮನೆಗಳಲ್ಲಿ ಪಂಢರಪುರದ ವಾರಿಯೂ ಪರಂಪರೆಯಾಗಿ ಬಂದಿದೆಯಷ್ಟೆ. ಆ ವರ್ಷ ಸಂತರ ಪಾದುಕೆಗಳು ಮಹಾರಾಷ್ಟ್ರ ಸಾರಿಗೆಯ ಬಸ್ಸಿನಲ್ಲಿ ಪಂಢರಪುರ ಸೇರಿದವು. ನಡೆಯುವ ವಾರಕರಿಗಳು ಮನೆಯಲ್ಲಿ ಉಳಿದರು.

ಏಪ್ರಿಲ್ ಆರಂಭದಲ್ಲಿ ಬೀದರಿನಲ್ಲಿ ಕಂಡುಬಂದ ಮೊದಲ ರೋಗಿಗಳು ದೆಹಲಿಯ ಧಾರ್ಮಿಕ ಸಮಾವೇಶವೊಂದರಿಂದ ಮರಳಿದವರಾಗಿದ್ದರು. ಆಗ ಒಂದು ಸಮಾಜವನ್ನೇ ದೂಷಿಸುವ ಮಾತುಗಳು ಹರಿದಾಡಿದವು. ಕೆಲವೇ ವಾರಗಳಲ್ಲಿ ನಾಂದೇಡದಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 4,000 ಸಿಖ್ ಯಾತ್ರಿಕರನ್ನು ಬಸ್ಸುಗಳಲ್ಲಿ ಪಂಜಾಬಿಗೆ ಕಳುಹಿಸಿದಾಗ ಅವರಲ್ಲಿ ಅನೇಕರಿಗೆ ಸೋಂಕು ತಗಲಿದ್ದುದು ತಿಳಿದು, ಅಲ್ಲಿಯೂ ಯಾತ್ರಿಕರೇ ದೂಷಣೆಗೆ ಗುರಿಯಾದರು. 1867ರಲ್ಲಿ ಕುಂಭಮೇಳದ ಭಕ್ತರನ್ನು ಬ್ರಿಟಿಷ್ ಅಧಿಕಾರಿಗಳು ನೋಡಿದ ಬಗೆಗೂ ಇದಕ್ಕೂ ವ್ಯತ್ಯಾಸವೆಲ್ಲಿ? ರೋಗವು ಸಂಚರಿಸುವವರನ್ನು ಆಶ್ರಯಿಸುತ್ತದೆ. ಸಂಚರಿಸುವವನ ಜಾತಿ ಮತಗಳನ್ನು ಅದು ಕೇಳುವುದಿಲ್ಲ. ಅಷ್ಟೂರಿನ ಪರಂಪರೆಯುಳ್ಳ ಜಿಲ್ಲೆಯವರಾದ ನಮಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿರಲಿಲ್ಲ.

ಇನ್ನು ನಷ್ಟದ ವಿಚಾರ. ಜಾತ್ರೆಯ ಅಂಗಡಿಕಾರನಿಗೆ ಒಂದು ಊರಿಲ್ಲ. ಅವನಿಗೆ ಒಂದು ಪಂಚಾಂಗವಿದೆ. ಶ್ರಾವಣದ ಸೋಮವಾರಗಳಿಂದ ಅವನ ವರ್ಷ ಮೊದಲಾಗುತ್ತದೆ. ಕಾರ್ತಿಕದ ದೀಪೋತ್ಸವಗಳು, ಮಾರ್ಗಶಿರದಲ್ಲಿ ಮೈಲಾರ ಮಲ್ಲಣ್ಣ, ಸಂಕ್ರಾಂತಿಯ ಆಸುಪಾಸಿನಲ್ಲಿ ಹುಮನಾಬಾದಿನ ವೀರಭದ್ರೇಶ್ವರ, ಮಾಘದಲ್ಲಿ ಶಿವರಾತ್ರಿ, ಬೇಸಗೆಯಲ್ಲಿ ಊರೂರಿನ ತೇರುಗಳು ಮತ್ತು ಉರುಸುಗಳು. ಔರಾದದ ಅಮರೇಶ್ವರ, ಭಾಲ್ಕಿಯ ಭಾಲ್ಕೇಶ್ವರ ಇವೆಲ್ಲ ಅವನ ಸುತ್ತಿನಲ್ಲಿ ಬರುವ ಠಾವುಗಳು. ಬಳೆ, ಸ್ಟೀಲು ಪಾತ್ರೆ, ಆಟಿಗೆ, ಕುಂಕುಮ, ವಿಭೂತಿ, ಜೋಕಾಲಿ, ತೊಟ್ಟಿಲ ಚಕ್ರ, ಫೋಟೋ ಇವರೆಲ್ಲರೂ ಹೀಗೆಯೇ ಗುಂಪಾಗಿ ತಿರುಗುತ್ತಾರೆ. ಹಂಗಾಮಿನ ಮೊದಲಲ್ಲಿ ಸಾಲ ತಂದು ಸರಕು ತುಂಬಿಕೊಳ್ಳುವುದು, ಬೇಸಗೆಯ ತೇರುಗಳು ಮುಗಿದ ಮೇಲೆ ಅದನ್ನು ತೀರಿಸುವುದು ರೂಢಿ. ದಿಗ್ಬಂಧನ ಬಂದದ್ದು ಯಾವಾಗ? ಮಾರ್ಚ್ ಕೊನೆಯಲ್ಲಿ, ಅಂದರೆ ಸಾಲ ತೀರಬೇಕಾದ ತೇರುಗಳು ಇನ್ನೂ ಮುಂದಿರುವಾಗ. ಸರಕು ಚೀಲದಲ್ಲೇ ಉಳಿಯಿತು, ಬಡ್ಡಿ ಬೆಳೆಯಿತು. 2020ರ ಶ್ರಾವಣದಲ್ಲಿ ಗುಡಿಗಳು ತೆರೆದಿದ್ದರೂ ಜಾತ್ರೆಗೆ ಅಪ್ಪಣೆಯಿರಲಿಲ್ಲ. ಅವನ ಪಂಚಾಂಗದ ಒಂದು ಪೂರ್ಣ ಸುತ್ತು ಹೀಗೆ ಹೋಯಿತು.

ಎತ್ತಿನ ವ್ಯಾಪಾರವೂ ಇದಕ್ಕೆ ಹೊಂದಿಕೊಂಡದ್ದೇ. ನಮ್ಮ ಭಾಲ್ಕಿ, ಔರಾದಗಳೂ ನೆರೆಯ ಉದಗೀರವೂ ದೇವಣಿ ತಳಿಯ ಜಾನುವಾರುಗಳಿಗೆ ಹೆಸರಾದ ಸೀಮೆ. ಒಳ್ಳೆಯ ಜೋಡಿಯನ್ನು ಕಣ್ಣಾರೆ ಕಂಡು, ಹಲ್ಲು ಎಣಿಸಿ, ಟವಲಿನ ಕೆಳಗೆ ಬೆರಳು ಹಿಡಿದು ದರ ಮಾಡುವುದಕ್ಕೆ ಜಾತ್ರೆ ಮತ್ತು ಸಂತೆಗಳೇ ಸ್ಥಾನ. ಅವು ನಿಂತರೆ ಮಾರುವವನಿಗೆ ದಲಾಲಿ ಹೇಳಿದ್ದೇ ಬೆಲೆ. ಮುಂಗಾರಿನ ಮುಂದೆ ಕೊಳ್ಳಬೇಕಾದವನಿಗೂ ಎತ್ತು ಸಿಗದೆ ಹೋಗುತ್ತದೆ.

ಬೀದರ ನಗರದಲ್ಲಿ ಬಿದರಿ ಕುಶಲಕರ್ಮಿಗಳ ಅವಸ್ಥೆ ಬೇರೊಂದು ಬಗೆಯದು. ಸತುವು ತಾಮ್ರಗಳನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಹಳೆಯ ಮಣ್ಣಿನ ಪಾಕದಲ್ಲಿ ಕಪ್ಪುಗೊಳಿಸುವ ಈ ಕಸುಬು ಭೌಗೋಳಿಕ ಗುರುತನ್ನು ಪಡೆದಿದೆ; ಹಿರಿಯ ಕುಶಲಕರ್ಮಿ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಆದರೆ ಬಿದರಿ ಹೂಜಿಯು ಅಕ್ಕಿ ಬೇಳೆಯಲ್ಲ. ಕೋಟೆ ನೋಡಲು ಬಂದವರೂ ದೊಡ್ಡ ನಗರಗಳ ಪ್ರದರ್ಶನಗಳಿಗೆ ಹೋದವರೂ ಕೊಂಡರೆ ಮಾತ್ರ ಅದಕ್ಕೆ ಮಾರಾಟ. ಸ್ಮಾರಕಗಳು 2020ರ ಜುಲೈ 6ರಿಂದ ತೆರೆಯಲು ಕೇಂದ್ರವು ಅನುಮತಿ ನೀಡಿತಾದರೂ, ತೆರೆದ ಬಾಗಿಲಿಗೆ ಬರಲು ರೈಲೂ ಧೈರ್ಯವೂ ಇನ್ನೂ ಇರಲಿಲ್ಲ. ಆ ಮಧ್ಯೆ ಬೆಳ್ಳಿಯ ಬೆಲೆ ಏರಿತು. ಕೆತ್ತುವ ಕೈ ಖಾಲಿ ಕುಳಿತರೆ ಕಸುಬು ಮರೆಯುವುದಿಲ್ಲ ನಿಜ. ಆದರೆ ಮಗನನ್ನು ಅದೇ ಕಸುಬಿಗೆ ಹಚ್ಚಬೇಕೆಂಬ ಮನಸ್ಸು ಮಾತ್ರ ಕುಗ್ಗುತ್ತದೆ.

ಆ ದಿನಗಳಲ್ಲಿ ಕೆಲವು ಭಕ್ತರು, “ಬುದ್ಧೀ, ದೇವರ ಬಾಗಿಲನ್ನೇ ಮುಚ್ಚಿಸಿದರಲ್ಲಾ, ಧರ್ಮ ಉಳಿಯುವುದೇ?” ಎಂದು ನಮ್ಮನ್ನು ಕೇಳಿದ್ದುಂಟು. ಕರದ ಮೇಲೆ ಇಷ್ಟಲಿಂಗವನ್ನಿರಿಸಿಕೊಂಡವನಿಗೆ ಯಾವ ಬಾಗಿಲನ್ನು ಯಾರು ಮುಚ್ಚಬಲ್ಲರು? ಹನ್ನೆರಡನೆಯ ಶತಮಾನದಲ್ಲಿ ಶರಣರು ನಮ್ಮನ್ನು ಗುಡಿಯ ಹಂಗಿನಿಂದ ಬಿಡಿಸಿದರು. ದಿಗ್ಬಂಧನದ ನಡುವೆ ಒಂದು ದಿನವೂ ನಿಲ್ಲದೆ ಪೂಜೆ ನಡೆದಿದ್ದರೆ ಅದು ಲಿಂಗಾಯತರ ಮನೆಗಳಲ್ಲಿ. ಆ ಮಟ್ಟಿಗೆ ನಮ್ಮ ಉತ್ತರ ಸುಲಭವಾಗಿತ್ತು. ಆದರೆ ನಮ್ಮ ಧರ್ಮದಲ್ಲಿ ಗುರು ಮತ್ತು ಲಿಂಗದ ಜೊತೆಗೆ ಜಂಗಮವೂ ಇದೆ. ಜಂಗಮವೆಂದರೆ ಚಲಿಸುವುದು. ಲಿಂಗಪೂಜೆ ನಿಲ್ಲಲಿಲ್ಲ, ಜಂಗಮದ ಬರವು ನಿಂತಿತು. ಮನೆಮನೆಗೆ ಬರುವ ಅಯ್ಯನವರು ಬರಲಿಲ್ಲ, ಪಂಕ್ತಿಯಲ್ಲಿ ಕೂಡಿ ಉಣ್ಣುವ ದಾಸೋಹ ನಡೆಯಲಿಲ್ಲ, ಪುರಾಣ ಪ್ರವಚನ ಹೇಳಿ ಜೀವಿಸುವ ಶಾಸ್ತ್ರಿಗಳಿಗೂ ಗವಾಯಿಗಳಿಗೂ ತಬಲದವರಿಗೂ ಶ್ರಾವಣವೆಲ್ಲ ಕರೆಯೇ ಬರಲಿಲ್ಲ. ಮಠದ ಒಲೆ ಆರಬಾರದೆಂದು ಅನೇಕ ಕಡೆ ಅನ್ನವನ್ನು ಪೊಟ್ಟಣ ಕಟ್ಟಿ ಹೊರಗೆ ಕಳುಹಿಸಿದರು. ಅದು ಹಸಿದವನ ಹೊಟ್ಟೆ ತುಂಬಿಸಿತು. ಮೇಲು ಕೀಳೆನ್ನದೆ ಒಂದೇ ಸಾಲಿನಲ್ಲಿ ಕೂಡಿಸುವ ಕೆಲಸ ಪೊಟ್ಟಣದಿಂದ ಆಗುವಂಥದಲ್ಲ. ಜಾತ್ರೆ ನಿಲ್ಲಿಸಿದ್ದು ಸರಿಯೇ ಎಂದು ಕೇಳಿದರೆ ಸರಿಯೆಂದೇ ನಾವು ಇಂದಿಗೂ ಹೇಳುತ್ತೇವೆ, ಜೀವಗಳು ಮೊದಲು. ಆದರೆ ಅದರಿಂದ ಏನೂ ಕಳೆಯಲಿಲ್ಲವೆಂದು ಮಾತ್ರ ಹೇಳಲಾರೆವು.

ಹೋಗುವ ಯಾತ್ರೆ ನಿಂತಾಗಲೇ ಇನ್ನೊಂದು ಯಾತ್ರೆ ಮೊದಲಾಯಿತು. ಅದು ಮರಳಿ ಬರುವವರದು. ಔರಾದ, ಭಾಲ್ಕಿಗಳಿಂದ ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದವರು ಕೆಲಸ ನಿಂತು, ಬಾಡಿಗೆ ಕಟ್ಟಲಾಗದೆ, ಸಿಕ್ಕ ಲಾರಿಯಲ್ಲಿ, ಸಿಗದಾಗ ಕಾಲ್ನಡಿಗೆಯಲ್ಲಿ ಹೊರಟರು. ಅವರನ್ನು ಎದುರುಗೊಂಡದ್ದು ಗಡಿಯ ತಪಾಸಣೆ ಠಾಣೆಗಳು. ಮೇ 18ರಂದು ಮಹಾರಾಷ್ಟ್ರದಿಂದ ಬರುವವರಿಗೆ ಮೇ ಅಂತ್ಯದವರೆಗೆ ಪ್ರವೇಶವಿಲ್ಲವೆಂದು ನಮ್ಮ ರಾಜ್ಯ ಸರ್ಕಾರವು ಸಾರಿತು. ಮರುದಿನ, ಮೇ 19ರಂದು, ರಾಜ್ಯದೊಳಗಿನ ಬಸ್ಸುಗಳು ಬಸ್ಸೊಂದಕ್ಕೆ ಮೂವತ್ತು ಜನರಂತೆ ಓಡತೊಡಗಿದವು. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಔರಾದದ ಗಡಿಯು ರಾಜ್ಯದ ತುದಿ. ಔರಾದದವನಿಗಾದರೋ ಉದಗೀರ, ದೇಗಲೂರಗಳು ಬೀದರದಷ್ಟೇ ಹತ್ತಿರ. ಅವನ ಅಕ್ಕನನ್ನು ಅಲ್ಲಿಗೆ ಕೊಟ್ಟಿದೆ. ಸೊಸೆಯನ್ನು ಅಲ್ಲಿಂದ ತಂದಿದೆ. ದವಾಖಾನೆಗೂ ತೊಗರಿ ಮಾರಲೂ ಅಲ್ಲಿಗೇ ಹೋಗುತ್ತಾನೆ. 1956ರಲ್ಲಿ ಎಳೆದ ಗೆರೆಯೊಂದು ಮನೆಯ ಅಂಗಳದಲ್ಲಿ ಹಾದುಹೋಗಿದೆಯೆಂಬುದು ಎಷ್ಟೋ ಕುಟುಂಬಗಳಿಗೆ ಮೊದಲ ಬಾರಿಗೆ ತಿಳಿದದ್ದು ಆಗ.

2021ರ ಆರಂಭದಲ್ಲಿ ರೋಗವು ತೊಲಗಿತೆಂದೇ ಜನ ಭಾವಿಸಿದ್ದರು. ಆ ವರ್ಷ ಜನವರಿ 6ರಂದು ಬಸವಕಲ್ಯಾಣದಲ್ಲಿ 500 ಕೋಟಿ ರೂಪಾಯಿಗಳ ಅಂದಾಜಿನ ನೂತನ ಅನುಭವ ಮಂಟಪಕ್ಕೆ ಅಂದಿನ ಮುಖ್ಯಮಂತ್ರಿಗಳಾಗಿದ್ದ ಬಿ. ಎಸ್. ಯಡಿಯೂರಪ್ಪನವರು ಅಡಿಗಲ್ಲನ್ನಿಟ್ಟರು. ಅದಕ್ಕೆ ಮೂರು ತಿಂಗಳ ಹಿಂದೆ, ಸೆಪ್ಟೆಂಬರ್ 24ರಂದು, ಆ ಕ್ಷೇತ್ರದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಇದೇ ಜಾಡ್ಯಕ್ಕೆ ತುತ್ತಾಗಿದ್ದರು. ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಸೋಂಕಿಲ್ಲವೆಂಬ ಪ್ರಮಾಣಪತ್ರ ಮತ್ತೆ ಕಡ್ಡಾಯವಾಯಿತು. ಏಪ್ರಿಲ್ 16ರಿಂದ ಜೂನ್ 15ರವರೆಗೆ ಸ್ಮಾರಕಗಳು ಎರಡನೆಯ ಬಾರಿ ಮುಚ್ಚಿದವು. ಮೇ 14ರ ಬಸವ ಜಯಂತಿಯೂ, ಹಿಂದಿನ ವರ್ಷದಂತೆ, ದಿಗ್ಬಂಧನದಲ್ಲಿಯೇ ಬಂದು ಹೋಯಿತು. ರಾಜ್ಯದ ಗುಡಿಗಳು ಜುಲೈ 5ರಂದು ಮರಳಿ ತೆರೆದವು. ಆ ಎರಡನೆಯ ಅಲೆಯ ಸಾವುಗಳನ್ನು ಇಲ್ಲಿ ವರ್ಣಿಸುವುದಿಲ್ಲ. ಪ್ರತಿಯೊಂದು ಓಣಿಗೂ ಅದು ನೆನಪಿದೆ.

ಸರ್ಕಾರಗಳು ನೆರವು ನೀಡಲಿಲ್ಲವೆನ್ನಲಾಗದು. 2020ರ ಮೇ ತಿಂಗಳಲ್ಲಿ ರಾಜ್ಯವು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಸಾರಿ, ಆಟೋ, ಟ್ಯಾಕ್ಸಿ ಚಾಲಕರಿಗೂ ಕ್ಷೌರಿಕರಿಗೂ ಅಗಸರಿಗೂ ತಲಾ 5,000 ರೂಪಾಯಿ ಗೊತ್ತುಮಾಡಿತು. ಮರುವರ್ಷ ಬೀದಿ ವ್ಯಾಪಾರಿಗಳಿಗೆ 2,000, ಕಲಾವಿದರಿಗೆ 3,000 ಎಂದಾಯಿತು. ಕೇಂದ್ರವು ನಗರಗಳ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿಗಳ ಸಾಲವನ್ನೂ, 2021ರ ಜೂನ್ 28ರಂದು ಮಾನ್ಯತೆ ಪಡೆದ ಪ್ರವಾಸಿ ಮಾರ್ಗದರ್ಶಿಗಳಿಗೆ 1 ಲಕ್ಷ, ಪ್ರವಾಸ ಸಂಸ್ಥೆಗಳಿಗೆ 10 ಲಕ್ಷದವರೆಗಿನ ಸಾಲವನ್ನೂ ಪ್ರಕಟಿಸಿತು. ಇವೆಲ್ಲಕ್ಕೂ ಒಂದು ದಾಖಲೆ ಬೇಕು. ಚಾಲಕನಿಗೆ ಪರವಾನಗಿ ಇದೆ, ಬೀದಿ ವ್ಯಾಪಾರಿಗೆ ನಗರಸಭೆಯ ಗುರುತಿನ ಚೀಟಿ ಇದೆ, ಮಾರ್ಗದರ್ಶಿಗೆ ಇಲಾಖೆಯ ಮಾನ್ಯತೆ ಇದೆ. ಹಳ್ಳಿಯಲ್ಲಿ ವಾಸಿಸಿ, ವರ್ಷಕ್ಕೆ ಮೂವತ್ತು ಊರುಗಳಲ್ಲಿ ತಲಾ ಎರಡು ದಿನ ಅಂಗಡಿ ಹೂಡುವ ಬಳೆಗಾರನು ಯಾವ ಊರಿನ ಬೀದಿ ವ್ಯಾಪಾರಿ? ಅವನಿಗೆ ನೆಲಬಾಡಿಗೆಯ ಚೀಟಿಯನ್ನು ಕೊಡುತ್ತಿದ್ದವರು ಜಾತ್ರಾ ಸಮಿತಿಯವರು. ಆ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳುವ ಪದ್ಧತಿ ಬಹಳ ಕಡೆ ಇರಲಿಲ್ಲ. ಈ ಲೋಪವನ್ನು ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಜಾತ್ರೆ ನಡೆಸುವವರು ಮಠಗಳು ಮತ್ತು ಊರ ಹಿರಿಯರು.

ವಿಮಾನದ ಕಥೆಯನ್ನೂ ಮುಗಿಸಿಬಿಡೋಣ. ಮೊದಲು ಹಾರಾಟ ನಡೆಸಿದ್ದ ಸಂಸ್ಥೆಯು 2022ರಲ್ಲಿ ತನ್ನ ವ್ಯವಹಾರವನ್ನೇ ನಿಲ್ಲಿಸಿತು. ಅದೇ ವರ್ಷ ಜೂನಿನಲ್ಲಿ ಮತ್ತೊಂದು ಸಂಸ್ಥೆ ಬಂದಿತು. 2023ರ ಕೊನೆಗೆ ಅದೂ ನಿಂತು, 2025ರ ಏಪ್ರಿಲ್‌ನಲ್ಲಿ ಮರಳಿ ಆರಂಭವಾಯಿತು. ಪ್ರತಿಯೊಂದು ನಿಲುಗಡೆಗೂ ಪತ್ರಿಕೆಗಳಲ್ಲಿ ಸುದ್ದಿ ಬಂದಿತು, ಮನವಿಗಳು ಹೋದವು, ಜನಪ್ರತಿನಿಧಿಗಳು ಮಾತಾಡಿದರು, ಅದು ಉಚಿತವೇ. ಜಾತ್ರೆಗಳು 2022ರಿಂದ ಮೊದಲಿನಂತೆ ನೆರೆಯತೊಡಗಿವೆ. ಭಕ್ತರು ಕಡಿಮೆಯಾಗಿಲ್ಲ. ಆದರೆ ಸಾಲುಗಳನ್ನು ನೋಡಿದಾಗ, ಹಿಂದೆ ಕಾಣುತ್ತಿದ್ದ ಕೆಲವು ಅಂಗಡಿಗಳು ನಮ್ಮ ಕಣ್ಣಿಗೆ ಬೀಳುತ್ತಿಲ್ಲ. ಸ್ವಂತ ವಾಹನದಲ್ಲಿ ಬಂದು ದರ್ಶನ ಮುಗಿಸಿ ಅಂದೇ ಮರಳುವವರು ಹೆಚ್ಚಾಗಿದ್ದಾರೆ. ರಾತ್ರಿ ಉಳಿದು ಬಯಲಾಟ ನೋಡಿ ಬೆಳಗ್ಗೆ ಬಳೆ ತೊಡಿಸಿಕೊಂಡು ಹೋಗುವವರು ವಿರಳ. ಇದೆಲ್ಲವೂ ಮಹಾಮಾರಿಯಿಂದಲೇ ಆಯಿತೆನ್ನುವಂತಿಲ್ಲ. ಮೊದಲೇ ಸಡಿಲಾಗಿದ್ದ ರೂಢಿಯನ್ನು ಆ ಎರಡು ವರ್ಷಗಳು ಕಿತ್ತುಹಾಕಿರಬೇಕೆಂದು ತೋರುತ್ತದೆ.

ಆದುದರಿಂದ ಓದುಗರಲ್ಲಿ, ವಿಶೇಷವಾಗಿ ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿ ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ನಮ್ಮದೊಂದು ಕೋರಿಕೆಯಿದೆ. ತಮ್ಮ ಊರಿನ ಜಾತ್ರೆ ಅಥವಾ ಉರುಸು 2020, 2021ರಲ್ಲಿ ನಡೆಯಿತೇ, ನಿಂತಿತೇ, ನಡೆದರೆ ಯಾವ ಬಗೆಯಲ್ಲಿ ನಡೆಯಿತು. ಅದಕ್ಕೆ ಮೊದಲು ಎಷ್ಟು ಅಂಗಡಿಗಳು ಹೂಡುತ್ತಿದ್ದವು, ಅವರು ಯಾವ ಯಾವ ಊರಿನವರು, ಈಗ ಅವರಲ್ಲಿ ಯಾರು ಬರುತ್ತಿಲ್ಲ, ಬಾರದವರು ಈಗ ಏನು ಮಾಡಿಕೊಂಡಿದ್ದಾರೆ ಎಂಬುದನ್ನು ಊರ ಹಿರಿಯರಲ್ಲಿ ವಿಚಾರಿಸಿ ಬರೆದು ಕಳುಹಿಸಬೇಕು. ಮುಂದಿನ ಜಾತ್ರೆಯಿಂದ ನೆಲಬಾಡಿಗೆಯ ಚೀಟಿಗೆ ಪ್ರತಿ ಇಟ್ಟುಕೊಳ್ಳುವಂತೆ ಸಮಿತಿಯವರಿಗೆ ಹೇಳಿದರೆ ಇನ್ನೂ ಒಳ್ಳೆಯದು. ಎರಡು ಸಾಲಿನ ಅಂಚೆ ಕಾರ್ಡಾದರೂ ಸಾಕು. ಔರಾದ, ಕಮಲನಗರಗಳ ಕಡೆಯವರು ಮರಾಠಿಯಲ್ಲಿ ಬರೆದರೂ ಆದೀತು, ಇಲ್ಲಿ ಓದುವವರಿದ್ದಾರೆ.